ಕೈಯಲ್ಲಿರುವುದು ಎಷ್ಟರ ನೋಟು?

ಮೇಷ್ಟ್ರು ಮೇಜಿನ ಮೇಲೆ ನೋಟುಗಳ ಒಂದು ಚಿಕ್ಕ ಕಟ್ಟು ಇಟ್ಟು, "ವಿಂಗಡಿಸಮ್ಮ" ಅಂದರು. ಅಷ್ಟೇ. ಹೇಗೆ ಅಂತ ಹೇಳಲಿಲ್ಲ. ಒಂದೇ ಒಂದು ನಿಯಮ ಕೊಟ್ಟರು: "ಗೊತ್ತಾಗದೇ ಇದ್ದರೆ ಊಹೆ ಮಾಡಬೇಡ. ಬಲಗಡೆ 'ಗೊತ್ತಿಲ್ಲ' ಅಂತ ಒಂದು ಗುಂಪು ಮಾಡು. ಅದರಲ್ಲಿ ಹಾಕು."

ಅದು 2006. ಅವತ್ತು ನಾನು ವಿಂಗಡಿಸಿ ಮುಗಿಸಿದಾಗ 'ಗೊತ್ತಿಲ್ಲ' ಗುಂಪೇ ಎಲ್ಲಕ್ಕಿಂತ ದಪ್ಪವಾಗಿತ್ತು.

ನನಗೆ ಚಿಕ್ಕಂದಿನಿಂದ ಇರುಳುಗುರುಡು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಕಾಯಿಲೆಯ ಹೆಸರು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ಕೊನೆಗೆ ಎದುರಿಗಿರುವುದೂ ಮಸುಕಾಗುತ್ತಾ ಹೋಗುತ್ತದೆ. ಪುಸ್ತಕ ಓದಲಾಗದೇ ಹೋದಾಗ ಅತ್ತಿದ್ದೆ. ಆದರೆ ನಿಜವಾಗಿ ದಿನಾ ಚುಚ್ಚಿದ್ದು ದುಡ್ಡು. ಪುಸ್ತಕ ಯಾರಾದರೂ ಓದಿ ಹೇಳಬಹುದು. ಪರ್ಸ್‌ನಲ್ಲಿರುವುದನ್ನು ತೆಗೆದು ಎದುರಿಗಿರುವವರ ಕೈಗೇ ಕೊಟ್ಟು, "ಸ್ವಲ್ಪ ನೋಡಿ, ಇದು ಎಷ್ಟರದು?" ಅಂತ ಕೇಳುವುದಿದೆಯಲ್ಲ, ಅದು ಬೇರೆ ಥರ. ದುಡ್ಡು ಯಾರಿಗೆ ಕೊಡಬೇಕೋ ಅವರನ್ನೇ ಕೇಳಬೇಕು. ಅವರು ಒಳ್ಳೆಯವರೇ ಇರಬಹುದು. ಆದರೂ ಪ್ರತಿ ಸಲ ಅವರ ಒಳ್ಳೆಯತನದ ಮೇಲೆಯೇ ನಿಲ್ಲಬೇಕು.

ಮೇಷ್ಟ್ರು ಹುಟ್ಟಿದಾಗಿನಿಂದ ಕಣ್ಣು ಕಾಣದವರು. ಎರಡನೇ ದಿನ ಅವರು ಹೇಳಿದ್ದು ಇನ್ನೂ ನೆನಪಿದೆ. "ಎಲ್ಲರೂ ನಾವು ನೋಟಿನ ಮೇಲಿನ ಅಂಕಿ ಮುಟ್ಟಿ ಓದ್ತೀವಿ ಅಂದ್ಕೊಂಡಿದ್ದಾರೆ. ಹಾಗಲ್ಲಮ್ಮ. ಮೊದಲು ಅಗಲ, ಆಮೇಲೆ ಉದ್ದ, ಕೊನೆಗೆ ಗುರುತು."

ಆಗಿನ ನೋಟುಗಳಿಗೆ ಆ ಪಾಠ ಚೆನ್ನಾಗಿ ಹೊಂದುತ್ತಿತ್ತು. 1996ರಲ್ಲಿ ಶುರುವಾದ ಮಹಾತ್ಮ ಗಾಂಧಿ ಸರಣಿಯ ನೋಟುಗಳವು. ಹತ್ತು, ಇಪ್ಪತ್ತರ ಅಗಲ 63 ಮಿಲಿಮೀಟರ್. ಐವತ್ತರಿಂದ ಮೇಲಿನವು 73. ಅಂದರೆ ಒಂದು ಸೆಂಟಿಮೀಟರ್ ಜಾಸ್ತಿ. ನನ್ನ ಕಿರುಬೆರಳಿನ ಉಗುರಿನ ಅಗಲ ಹೆಚ್ಚುಕಡಿಮೆ ಅಷ್ಟೇ. ಕೈಗೆ ಬಂದ ತಕ್ಷಣ ಚಿಲ್ಲರೆ ನೋಟೋ ದೊಡ್ಡದೋ ಅಂತ ತಿಳಿದುಹೋಗುತ್ತಿತ್ತು. ಉದ್ದ ನೋಡಿದರೆ ಹತ್ತು 137, ಇಪ್ಪತ್ತು 147, ಐವತ್ತೂ 147, ನೂರು 157, ಐನೂರು 167, ಸಾವಿರ 177. ಮೆಟ್ಟಿಲಿನ ಹಾಗೆ ಹತ್ತು ಹತ್ತು ಮಿಲಿಮೀಟರ್. ಬೆಲೆ ಏರಿದ ಹಾಗೆ ನೋಟೂ ಬೆಳೆಯುತ್ತಿತ್ತು.

ಗುರುತು ಹಿಡಿಯುವುದು ಮಾತ್ರ ಬಹಳ ಕಷ್ಟವಾಯಿತು. ಹತ್ತರ ನೋಟು ಬಿಟ್ಟು ಉಳಿದವುಗಳ ಎಡಗಡೆ ಒಂದು ಉಬ್ಬಿದ ಆಕಾರ ಇತ್ತು. ಇಪ್ಪತ್ತಕ್ಕೆ ನಿಂತ ಆಯತ, ಐವತ್ತಕ್ಕೆ ಚೌಕ, ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ, ಸಾವಿರಕ್ಕೆ ವಜ್ರದಾಕಾರ. ಕೇಳಲು ಸುಲಭ. ಆದರೆ ಈ ಉಬ್ಬು ಬ್ರೈಲ್ ಚುಕ್ಕಿಯ ಹಾಗೆ ಕಾಗದವನ್ನೇ ಎತ್ತಿ ಮಾಡಿದ್ದಲ್ಲ. ಇಂಟಾಗ್ಲಿಯೋ ಅನ್ನುವ ಮುದ್ರಣ. ಲೋಹದ ಅಚ್ಚಿನಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ಶಾಯಿ ತುಂಬಿ, ಕಾಗದವನ್ನು ಅದರ ಮೇಲೆ ಜೋರಾಗಿ ಒತ್ತುತ್ತಾರೆ. ಶಾಯಿ ಕಾಗದದ ಮೇಲೆ ದಪ್ಪಗೆ ಕೂತುಕೊಳ್ಳುತ್ತದೆ. ಆ ಶಾಯಿಯ ದಪ್ಪವೇ ನಮ್ಮ ಉಬ್ಬು. ಗರಿಗರಿ ಹೊಸ ನೋಟಿನಲ್ಲಿ ಅದು ಮರಳು ಸವರಿದ ಹಾಗೆ ಸಿಗುತ್ತದೆ. ನೂರಾರು ಕೈ ದಾಟಿ, ಬೆವರು ಹೀರಿ, ಮಡಚಿ ಮಡಚಿ ಮೆತ್ತಗಾದ ನೋಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ಕೈಗೆ ಬರುವುದು ಹೆಚ್ಚಾಗಿ ಎರಡನೇ ಥರದ್ದೇ ಅಲ್ವಾ?

ಹದಿನೈದು ದಿನ ಬೇಕಾಯಿತು. ಮೇಷ್ಟ್ರು ಬೇಕಂತಲೇ ಹಳೇ ನೋಟು ಜಾಸ್ತಿ ಸೇರಿಸುತ್ತಿದ್ದರು. ಒಂದು ದಿನ ನೋಟಿನ ಅಳತೆಗೆ ಕತ್ತರಿಸಿದ ಬರೀ ಕಾಗದವನ್ನೂ ನಡುವೆ ಇಟ್ಟಿದ್ದರು. ಅದನ್ನು ನಾನು ಹಿಡಿದಾಗ ಮೇಜು ತಟ್ಟಿ "ಭೇಷ್" ಅಂದರು.

ಆಮೇಲಿನ ಹತ್ತು ವರ್ಷದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಸಂಬಳ ಎಣಿಸಿಕೊಂಡೆ, ಮನೆ ಖರ್ಚು ನಡೆಸಿದೆ, ಮಗಳ ಸ್ಕೂಲ್ ಫೀಸ್ ಕಟ್ಟಿದೆ. ನೋಟು ಗುರುತಿಸುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂತ ಘೋಷಣೆ ಆಯಿತು. ಆ ದಿನಗಳ ಕ್ಯೂ, ಪರದಾಟ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ನನ್ನ ಕಥೆ ಶುರುವಾಗುವುದು ಹೊಸ ಐನೂರರ ನೋಟು ಕೈಗೆ ಬಂದ ಮೇಲೆ.

ಡಿಸೆಂಬರ್‌ನಲ್ಲಿ ಒಂದು ಸಂಜೆ ಆಟೋದಿಂದ ಇಳಿದೆ. ಮೂವತ್ತು ರೂಪಾಯಿ ಕೊಡಬೇಕಿತ್ತು. ಪರ್ಸ್‌ಗೆ ಕೈ ಹಾಕಿ ಒಂದು ಹತ್ತು, ಒಂದು ಇಪ್ಪತ್ತು ತೆಗೆದು ಕೊಟ್ಟು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ ಕೂಗು ಬಂತು. "ಅಕ್ಕಾ, ನಿಲ್ಲಿ! ಐನೂರು ಕೊಟ್ಟಿದ್ದೀರಲ್ಲ!"

ಎದೆ ಧಸಕ್ಕೆಂದಿತು. ಅವರು ಗಾಡಿ ಬಿಟ್ಟು ಇಳಿದು ಬಂದು ನೋಟು ನನ್ನ ಕೈಯಲ್ಲಿಟ್ಟರು. "ನೋಡ್ಕೊಂಡು ಕೊಡಿ ಅಕ್ಕಾ" ಅಂದವರು, ನನ್ನ ಕೋಲು ಕಂಡಿತೋ ಏನೋ, "ಅಯ್ಯೋ, ತಪ್ಪು ತಿಳ್ಕೋಬೇಡಿ" ಅಂದರು. ಅವರಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದೆನೋ ನೆನಪಿಲ್ಲ. ಮನೆಗೆ ಬಂದು ಆ ನೋಟನ್ನು ಮತ್ತೆ ಮತ್ತೆ ಮುಟ್ಟಿದೆ. ಎಷ್ಟು ಸಲ ಮುಟ್ಟಿದರೂ ಬೆರಳು ಇಪ್ಪತ್ತು ಅಂತಲೇ ಹೇಳುತ್ತಿತ್ತು.

ಬೆರಳು ಸುಳ್ಳು ಹೇಳಿರಲಿಲ್ಲ. ಹಳೇ ಇಪ್ಪತ್ತು 147ಕ್ಕೆ 63. ಹೊಸ ಐನೂರು 150ಕ್ಕೆ 66. ಉದ್ದದಲ್ಲಿ ಮೂರು, ಅಗಲದಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸ. ಹತ್ತು ವರ್ಷ ದೊಡ್ಡ ನೋಟು ಅಂದರೆ ದೊಡ್ಡ ಬೆಲೆ ಅಂತ ಕಲಿತಿದ್ದ ಕೈಗೆ ಈಗ ಹಳೇ ನೂರರ ನೋಟು ಹೊಸ ಐನೂರಕ್ಕಿಂತ ಎಲ್ಲ ಕಡೆಯಿಂದಲೂ ದೊಡ್ಡದು.

ಆ ಆಟೋದವರ ಹಾಗೆ ಎಲ್ಲರೂ ಇರಲಿಲ್ಲ. ಅದೇ ತಿಂಗಳು ಇನ್ನೊಂದು ಐನೂರು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಯಾರಿಗೆ ಕೊಟ್ಟೆ ಅಂತಲೇ ಗೊತ್ತಿಲ್ಲದ ಮೇಲೆ ಯಾರನ್ನು ಕೇಳುವುದು? ಮತ್ತೆ ಹಳೇ ಪ್ರಶ್ನೆ ಬಾಯಿಗೆ ಬಂತು. "ಸ್ವಲ್ಪ ನೋಡಿ, ಇದು ಎಷ್ಟರದು?"

ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಕಷ್ಟ ಏನೆಂದರೆ ನೋಟುಗಳು ಒಟ್ಟಿಗೆ ಬರಲಿಲ್ಲ. 2016ರಲ್ಲಿ ಐನೂರು, ಎರಡು ಸಾವಿರ. 2017ರಲ್ಲಿ ಐವತ್ತು, ಜೊತೆಗೆ ಹಿಂದೆ ಇಲ್ಲದೇ ಇದ್ದ ಇನ್ನೂರು. 2018ರಲ್ಲಿ ಹತ್ತು, ನೂರು. 2019ರಲ್ಲಿ ಇಪ್ಪತ್ತು. ನೂರರಿಂದ ಕೆಳಗಿನ ಹಳೇ ನೋಟುಗಳು ನಡೆಯುತ್ತಲೇ ಇದ್ದವು. ಒಂದು ಕಲಿತು ಮುಗಿಸುವಷ್ಟರಲ್ಲಿ ಮುಂದಿನದು ಬರುತ್ತಿತ್ತು. ಒಂದೇ ಬೆಲೆಗೆ ಎರಡೆರಡು ಅಳತೆ.

ಹೊಸ ನೋಟು ಬಂದ ದಿನ ಮಗಳು ಜಾಮಿಟ್ರಿ ಬಾಕ್ಸ್ ತೆಗೆದುಕೊಂಡು ನನ್ನ ಪಕ್ಕ ಕೂರುವುದು ರೂಢಿಯಾಯಿತು. ಅವಳು ಸ್ಕೇಲ್ ಇಟ್ಟು ಅಳೆಯುವುದು, ನಾನು ಬ್ರೈಲ್‌ನಲ್ಲಿ ಬರೆದುಕೊಳ್ಳುವುದು. ಇನ್ನೂರರ ನೋಟು ಬಂದ ಸಂಜೆ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. "ಅಮ್ಮಾ, ನಾನು ತಪ್ಪು ಅಳೆದೆನಾ? ಇದು 146. ನಿನ್ನ ಹಳೇ ಇಪ್ಪತ್ತು 147." ಇನ್ನೊಂದು ಸಲ ಅಳೆದಳು. ಸರಿಯಾಗೇ ಇತ್ತು. ಇಪ್ಪತ್ತಕ್ಕೂ ಇನ್ನೂರಕ್ಕೂ ಉದ್ದದಲ್ಲಿ ಒಂದು ಮಿಲಿಮೀಟರ್! ಹಳೇ ಹತ್ತು 137, ಹೊಸ ಐವತ್ತು 135. ಅಲ್ಲೂ ಎರಡೇ ಮಿಲಿಮೀಟರ್.

ಹೊಸ ನೋಟುಗಳ ನಡುವೆಯೇ ನೋಡಿ. ಹತ್ತು 123, ಇಪ್ಪತ್ತು 129, ಐವತ್ತು 135, ನೂರು 142, ಇನ್ನೂರು 146, ಐನೂರು 150. ಅಗಲ ಹತ್ತು, ಇಪ್ಪತ್ತಕ್ಕೆ 63. ಐವತ್ತರಿಂದ ಮೇಲೆ ಎಲ್ಲವೂ 66. ಚಿಕ್ಕ ನೋಟುಗಳ ನಡುವೆ ಆರು ಮಿಲಿಮೀಟರ್ ಅಂತರ ಇದೆ. ತಪ್ಪಾದರೆ ಜಾಸ್ತಿ ನಷ್ಟವಾಗುವ ನೂರು, ಇನ್ನೂರು, ಐನೂರರ ನಡುವೆ ಇರುವುದು ನಾಲ್ಕೇ ನಾಲ್ಕು. ಅಕ್ಕಿಕಾಳಿಗಿಂತ ಕಡಿಮೆ. ಎರಡೂ ನೋಟು ಒಟ್ಟಿಗೆ ಕೈಯಲ್ಲಿದ್ದರೆ ಜೋಡಿಸಿ ನೋಡಿ ಹೇಳಬಹುದು. ಒಂದೇ ಒಂದು ನೋಟು ಇದ್ದರೆ?

ಮೊದಲು ಅಂಗೈಯಲ್ಲಿ ಅಳೆದು ನೋಡಿದೆ. ನೋಟಿನ ಒಂದು ತುದಿ ಮಣಿಕಟ್ಟಿನ ಗೆರೆಗೆ ಇಟ್ಟರೆ ಇನ್ನೊಂದು ತುದಿ ನಡುಬೆರಳಿನ ಎಲ್ಲಿಗೆ ಮುಟ್ಟುತ್ತದೆ ಅಂತ. ಐನೂರು ನನ್ನ ಕೊನೆಯ ಗೆಣ್ಣನ್ನು ಸ್ವಲ್ಪ ದಾಟುತ್ತದೆ. ನೂರು ಗೆಣ್ಣಿಗಿಂತ ಕೆಳಗೆ ನಿಲ್ಲುತ್ತದೆ. ಆದರೆ ಕೈ ಚೂರು ಬಾಗಿದರೂ ಲೆಕ್ಕ ತಪ್ಪುತ್ತದೆ. ಮುದುಡಿದ ನೋಟಾದರಂತೂ ಕೇಳುವುದೇ ಬೇಡ. ಮನೆಯಲ್ಲಿ ಸರಿ ಬರುತ್ತಿದ್ದದ್ದು ಬಸ್ಸಿನಲ್ಲಿ ನಿಂತಾಗ ಸರಿ ಬರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. "ನಾನೂ ನಿನ್ನ ಹಾಗೇ ಹೊಸ ವಿದ್ಯಾರ್ಥಿ ಈಗ" ಅಂದರು. ಅವರ ದನಿಯಲ್ಲಿ ಅಷ್ಟು ಸುಸ್ತನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅರವತ್ತು ದಾಟಿದ ಮೇಲೆ ಬೆರಳಿನ ಚುರುಕು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಕಡಿಮೆ. ಅಳತೆ ಕಾರ್ಡ್ ಮಾಡಿಕೋ ಅಂತ ಹೇಳಿದ್ದು ಅವರೇ.

ಮಗಳ ಹಳೇ ಪ್ಲಾಸ್ಟಿಕ್ ಫೈಲಿನ ದಪ್ಪ ಹಾಳೆ ಕತ್ತರಿಸಿ ಕಾರ್ಡ್ ಮಾಡಿದೆವು. ಒಂದು ತುದಿಯನ್ನು ಮಡಚಿ ಗೋಡೆಯ ಹಾಗೆ ನಿಲ್ಲಿಸಿದೆವು. ನೋಟಿನ ಅಂಚು ಅಲ್ಲಿಗೆ ತಾಗಬೇಕು. ಇನ್ನೊಂದು ಕಡೆ 123, 129, 135, 142, 146, 150ರಲ್ಲಿ ಒಂದೊಂದು ಕಚ್ಚು. ಪ್ರತಿ ಕಚ್ಚಿನ ಪಕ್ಕ ಬ್ರೈಲ್‌ನಲ್ಲಿ ಬೆಲೆ. ಮೊದಲನೇ ಕಾರ್ಡ್ ಹಾಳಾಯಿತು. ಕತ್ತರಿ ಒಂದು ಮಿಲಿಮೀಟರ್ ಜಾರಿ, ಇನ್ನೂರು ಇರಬೇಕಾದ ಕಡೆ ನೂರು ಹೇಳುತ್ತಿತ್ತು. ಎರಡನೆಯದನ್ನು ಬ್ಲೇಡಿನಲ್ಲಿ ಕೊಯ್ದೆವು. ಈಗಲೂ ಅದು ನನ್ನ ಪರ್ಸ್‌ನಲ್ಲಿದೆ. ಅಂಧರ ಸಂಸ್ಥೆಗಳಲ್ಲೂ ಇಂಥ ಕಾರ್ಡ್ ಸಿಗುತ್ತದೆ. ಹೊಸದಾಗಿ ಕಣ್ಣು ಕಳೆದುಕೊಂಡವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಒಂದು ತಂದುಕೊಡಿ.

ಗುರುತುಗಳನ್ನೂ ಹೊಸದಾಗಿ ಹುಡುಕಿದೆ. ಈ ಸರಣಿಯಲ್ಲಿ ಉಬ್ಬಿದ ಗುರುತು ಇರುವುದು ನೂರು ಮತ್ತು ಅದಕ್ಕಿಂತ ಮೇಲಿನ ನೋಟುಗಳಿಗೆ ಮಾತ್ರ. ಅದೂ ಎಡಗಡೆಯಿಂದ ಬಲಗಡೆಗೆ ಬಂದಿದೆ. ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ ಹಾಗೇ ಇವೆ. ಇನ್ನೂರಕ್ಕೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರ. ಇದರ ಜೊತೆ ಎರಡೂ ತುದಿಯ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ. ನೂರಕ್ಕೆ ನಾಲ್ಕು. ಇನ್ನೂರಕ್ಕೂ ನಾಲ್ಕೇ, ಆದರೆ ಗೆರೆಗಳ ನಡುವೆ ಎರಡು ಚಿಕ್ಕ ವೃತ್ತ. ಐನೂರಕ್ಕೆ ಐದು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ಓರೆ ಗೆರೆಗಳು. ಆಕಾರವಾದರೆ ನೋಟಿನ ಒಂದು ಮೂಲೆಯಲ್ಲಿ ಮಾತ್ರ ಇರುತ್ತದೆ. ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಗೆರೆ ಎರಡೂ ತುದಿಯಲ್ಲಿ ಇರುವುದರಿಂದ ನೋಟು ತಿರುಗುಮುರುಗಾಗಿದ್ದರೂ ಚಿಂತೆಯಿಲ್ಲ. ನಾನು ಮಾಡುವುದು ಹೀಗೆ: ನೋಟಿನ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಎರಡನ್ನೂ ಅಂಚಿನ ಉದ್ದಕ್ಕೆ ಮೆಲ್ಲಗೆ ಜಾರಿಸುತ್ತೇನೆ. ಮುಂಭಾಗ ಯಾವ ಕಡೆ ಇದ್ದರೂ ಎರಡು ಬೆರಳಲ್ಲಿ ಒಂದಕ್ಕೆ ಗೆರೆ ಸಿಕ್ಕೇ ಸಿಗುತ್ತದೆ. ಒತ್ತಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಮಗುವಿನ ಕೆನ್ನೆ ಸವರುವಷ್ಟು ಹಗುರವಾಗಿ ಸವರಬೇಕು. ನೋಟು ಹೊಸದಾಗಿದ್ದರೆ ಮೂರು ಸೆಕೆಂಡಿನ ಕೆಲಸ. ಸವೆದಿದ್ದರೆ ಕಾರ್ಡೇ ಗತಿ.

ಮನೆಗೆ ಬಂದ ಮೇಲೆ ಮಡಚಿಡುವುದು ಇನ್ನೊಂದು ಅಭ್ಯಾಸ. ಹತ್ತು ಮಡಚುವುದಿಲ್ಲ. ಇಪ್ಪತ್ತು ಅಡ್ಡಕ್ಕೆ ಅರ್ಧ. ಐವತ್ತು ಉದ್ದಕ್ಕೆ ಅರ್ಧ. ನೂರು ನಾಲ್ಕು ಮಡಿಕೆ. ಇನ್ನೂರು, ಐನೂರು ಬೇರೆ ಬೇರೆ ಜಿಪ್ಪಿನಲ್ಲಿ. ಒಂದು ಸಲ ಗುರುತಿಸಿ ಮಡಚಿಟ್ಟರೆ ಕೊಡುವಾಗ ಯೋಚನೆಯಿಲ್ಲ. ಆದರೆ ಇದು ನಾನು ಕೊಡುವ ದುಡ್ಡಿಗಾಯಿತು. ವಾಪಸ್ ಬರುವ ಚಿಲ್ಲರೆ ಯಾರೂ ಮಡಚಿ ಕೊಡುವುದಿಲ್ಲವಲ್ಲ.

2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ 'ಮಣಿ' ಅನ್ನುವ ಆ್ಯಪ್ ತಂದಿತು. ನೋಟನ್ನು ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರದು ಅಂತ ಹೇಳುತ್ತದೆ. ಬಂದಾಗ ಹಿಂದಿ, ಇಂಗ್ಲಿಷ್ ಎರಡು ಭಾಷೆಯಲ್ಲಿ ಮಾತಾಡುತ್ತಿತ್ತು. ಇಂಟರ್ನೆಟ್ ಬೇಡ. ಹಿಂದೆ ಮುಂದೆ ಹೇಗಿದ್ದರೂ, ಅರ್ಧ ಮಡಚಿದ್ದರೂ ಗುರುತಿಸುತ್ತದೆ. ಕಿವಿಯೂ ಕೇಳಿಸದವರಿಗೆ ನಡುಕದ ಮೂಲಕ ತಿಳಿಸುವ ವ್ಯವಸ್ಥೆಯೂ ಇದೆ. ನೋಟು ಅಸಲಿಯೋ ನಕಲಿಯೋ ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಮೊದಲ ದಿನ ನಾನು ಮನೆಯಲ್ಲಿದ್ದ ಅಷ್ಟೂ ನೋಟು ಹಿಡಿದು ನೋಡಿದೆ. ಫೋನ್ ಒಂದೊಂದಾಗಿ ಹೇಳುತ್ತಾ ಹೋದಾಗ ತುಂಬಾ ಖುಷಿಯಾಯಿತು. ಈಗಲೂ ರಾತ್ರಿ ಲೆಕ್ಕ ಮಾಡುವಾಗ ಅದನ್ನೇ ಬಳಸುತ್ತೇನೆ.

ಆದರೆ ಬೀದಿಯಲ್ಲಿ ಬೇರೆ. ಒಂದು ಕೈಯಲ್ಲಿ ಕೋಲು, ಹೆಗಲಲ್ಲಿ ಚೀಲ, ಹಿಂದೆ ಕ್ಯೂ. ಫೋನ್ ಯಾವ ಕೈಯಲ್ಲಿ ಹಿಡಿಯಲಿ, ನೋಟು ಯಾವ ಕೈಯಲ್ಲಿ? ಸ್ಮಾರ್ಟ್‌ಫೋನ್ ಇಲ್ಲದ ನನ್ನಂಥವರು ಎಷ್ಟೋ ಜನ ಇದ್ದಾರೆ. ಯುಪಿಐ ಇದೆಯಲ್ಲ ಅಂತ ಹೇಳುವವರಿಗೂ ನಾನು ಇದನ್ನೇ ಹೇಳುತ್ತೇನೆ. ನಾನೂ ಯುಪಿಐ ಬಳಸುತ್ತೇನೆ, ಅದರಿಂದ ಅನುಕೂಲ ಆಗಿದೆ. ಆದರೆ ಚಾರ್ಜ್ ಮುಗಿದ ಹೊತ್ತಿನಲ್ಲೂ ನೋಟು ತಾನೇ ತನ್ನ ಬೆಲೆ ಹೇಳಬೇಕು. ಕಣ್ಣಿರುವವರಿಗೆ ಹೇಳುತ್ತದಲ್ಲ, ಹಾಗೆ.

ಅದು ಆಗದ ಮಾತೇನಲ್ಲ. ನನ್ನ ಚಿಕ್ಕಪ್ಪನ ಮಗ ಆಸ್ಟ್ರೇಲಿಯಾದಿಂದ ಬಂದಾಗ ಅಲ್ಲಿನ ಐದು ಡಾಲರ್ ನೋಟು ನನ್ನ ಕೈಯಲ್ಲಿಟ್ಟ. ಕಾಗದವಲ್ಲ, ಪಾಲಿಮರ್. ನುಣುಪಾಗಿತ್ತು. ಉದ್ದದ ಅಂಚಿನಲ್ಲಿ ಬೆರಳು ಜಾರಿಸಿದೆ. ನಡುವೆ ಟಕ್ಕನೆ ಒಂದು ಉಬ್ಬು. ಎದುರಿನ ಅಂಚಿನಲ್ಲೂ ಒಂದು. "ಹತ್ತಕ್ಕೆ ಎರಡು, ಇಪ್ಪತ್ತಕ್ಕೆ ಮೂರು, ಐವತ್ತಕ್ಕೆ ನಾಲ್ಕು, ನೂರಕ್ಕೆ ಐದು ಅಕ್ಕ" ಅಂದ. ಕಲಿಯಲು ಒಂದು ನಿಮಿಷವೂ ಬೇಡ. ಅದು ಬಂದದ್ದು ಕಾನರ್ ಮೆಕ್ಲಿಯಾಡ್ ಅನ್ನುವ ಅಂಧ ಹುಡುಗನ ಹಟದಿಂದ. ಕ್ರಿಸ್‌ಮಸ್‌ಗೆ ಉಡುಗೊರೆ ಬಂದ ದುಡ್ಡು ಎಷ್ಟು ಅಂತ ಅವನಿಗೆ ಗೊತ್ತಾಗಲಿಲ್ಲವಂತೆ. ಅಲ್ಲಿಂದ ಅವನು ಶುರು ಮಾಡಿದ ಹೋರಾಟ, 2016ರಲ್ಲಿ ಮೊದಲ ನೋಟು ಬರುವ ತನಕ ನಡೆಯಿತು. ನಾನು ನನ್ನ ಐನೂರು ಕಳೆದುಕೊಂಡ ವರ್ಷವೇ ಅದು.

ಕೆನಡಾದಲ್ಲಿ 2001ರಿಂದ ಬಂದ ನೋಟುಗಳಲ್ಲಿ ಉಬ್ಬಿದ ಚುಕ್ಕಿಗಳಿವೆ. ಅದು ಬ್ರೈಲ್ ಅಲ್ಲ; ಬ್ರೈಲ್ ಬಾರದ ಅಂಧರೂ ಇರುತ್ತಾರೆ ಅಂತ ಯೋಚಿಸಿಯೇ ಬೇರೆ ಮಾಡಿದರು. ಇನ್ನು ಅಮೆರಿಕದ ಎಲ್ಲ ನೋಟುಗಳೂ ಒಂದೇ ಅಳತೆ. ಒಂದು ಡಾಲರ್, ನೂರು ಡಾಲರ್, ಬೆರಳಿಗೆ ವ್ಯತ್ಯಾಸವೇ ಇಲ್ಲ. ಅಲ್ಲಿನ ಅಂಧರ ಸಂಘ 2002ರಲ್ಲಿ ಕೋರ್ಟಿಗೆ ಹೋಗಿ, 2006ರಲ್ಲಿ ಗೆದ್ದು, 2008ರಲ್ಲಿ ಮೇಲಿನ ಕೋರ್ಟಿನಲ್ಲೂ ಗೆದ್ದಿತು. ನಮ್ಮಲ್ಲೂ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಬಾಂಬೆ ಹೈಕೋರ್ಟಿಗೆ ಹೋಯಿತು. ನೋಟಿನ ಅಳತೆಯನ್ನು ಪದೇ ಪದೇ ಯಾಕೆ ಬದಲಿಸುತ್ತೀರಿ ಅಂತ 2019ರಲ್ಲಿ ಕೋರ್ಟು ಕೇಳಿತು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಪ್ರಶ್ನೆಯನ್ನು ಯಾರೋ ನಮ್ಮ ಪರವಾಗಿ ಗಟ್ಟಿಯಾಗಿ ಕೇಳಿದ್ದರು. ನನ್ನನ್ನು ಕೇಳಿದರೂ ಅದನ್ನೇ ಹೇಳುತ್ತೇನೆ. ಅಂತರ ದೊಡ್ಡದಿರಲಿ, ಹತ್ತು ಇಪ್ಪತ್ತಕ್ಕೂ ಗುರುತಿರಲಿ. ಒಂದು ಸಲ ಮಾಡಿದ್ದನ್ನು ಹಾಗೇ ಬಿಡಲಿ. ಬೆರಳು ಏನನ್ನಾದರೂ ಕಲಿಯುತ್ತದೆ. ಮರೆತು ಕಲಿಯುವುದೇ ಕಷ್ಟ.

ಈಗ ವಾರಕ್ಕೆ ಎರಡು ದಿನ ನಾನು ಪಾಠ ಮಾಡುತ್ತೇನೆ. ಮೇಷ್ಟ್ರು ಕೂರುತ್ತಿದ್ದ ಮೇಜಿನಲ್ಲೇ. ಹೋದ ತಿಂಗಳು ಹಿರಿಯರೊಬ್ಬರು ಬಂದರು. ಕೆಲಸದಿಂದ ರಿಟೈರ್ ಆಗಿದ್ದಾರೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಮೊದಲ ದಿನ ನೋಟಿನ ಕಟ್ಟು ಕೈಗೆ ಕೊಟ್ಟಾಗ, "ಪೆನ್ಶನ್ ದುಡ್ಡು ಮನೇಲಿ ಎಣಿಸ್ತಾರೆ ಮೇಡಮ್, ನನಗ್ಯಾಕೆ ಇದು?" ಅಂದಿದ್ದರು. ನಾನು ವಾದ ಮಾಡಲಿಲ್ಲ. "ಗೊತ್ತಾಗದೇ ಇದ್ದದ್ದನ್ನು ಬಲಗಡೆ ಹಾಕಿ ಸರ್" ಅಂದೆ.

ನಿನ್ನೆ ಅವರ ಆರನೇ ದಿನ. ಕಾಗದದ ಸರಸರ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ತುಂಬಾ ಹೊತ್ತಿನ ಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟರು. ನಾನು ಎಣಿಸಿ ನೋಡಿದೆ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಸರಿಯಾದ ಗುಂಪಿನಲ್ಲಿದ್ದವು. ಬಲಗಡೆ ಉಳಿದದ್ದು ಎರಡೇ. ಒಂದು ಸವೆದುಹೋದ ಹಳೇ ಇಪ್ಪತ್ತು. ಇನ್ನೊಂದು ಅಷ್ಟೇ ಸವೆದ ಇನ್ನೂರು. ಯಾವುದು ಯಾವುದು ಅಂತ ಹೇಳಲು ನಾನು ಬಾಯಿ ತೆರೆದೆ.

"ಹೇಳ್ಬೇಡಿ ಮೇಡಮ್" ಅಂದರು. "ಇನ್ನೊಂದ್ಸಲ ನಾನೇ ನೋಡ್ತೀನಿ." ಎರಡನ್ನೂ ಒಂದರ ಮೇಲೊಂದು ಇಟ್ಟು, ಅಂಚು ಸರಿ ಮಾಡಿ, ಹೆಬ್ಬೆರಳಿನಿಂದ ಅಗಲ ಸವರತೊಡಗಿದರು.